ಶುಕ್ರವಾರದ ತೂಕ

“ಹೊಟ್ಟೆ ತುಂಬಿದ ಜಾಕಿ ಹೆಂಡತಿಗೆ ಚೆಂದ, ಕುದುರೆಗಲ್ಲ,” ಅಂದ ಟ್ರೇನರ್ ಹೆದಿ ಕಾಕಾ. “ಎಲ್ಲಿ, ಹತ್ತು ನೋಡೋಣ.”

ಲಸಾದ್ ಕುದುರೆ ನಿಸ್ಮಾಳ ಜೀನು ತೋಳಿಗೇರಿಸಿಕೊಂಡು ತಕ್ಕಡಿ ಹತ್ತಿದ. ಪಕ್ಕದಲ್ಲಿ ರೇಸ್ ಮಂಡಳಿಯ ನೀಲಿ ಕೋಟು ತೊಟ್ಟು ದೊರ್ರಾ ಕೂತಿದ್ದಳು. ಟ್ಯೂನಿಸ್‌ನ ಈ ರೇಸ್‌ಕೋರ್ಸಿನಲ್ಲಿ ಅವಳು ಕೂಗಿದ ತೂಕವೇ ತೂಕ. ಮಂಡಳಿಯ ಅಧ್ಯಕ್ಷರೂ ತಿದ್ದುವಂತಿಲ್ಲ.

ಅವರ ಪ್ರೀತಿ ಹುಟ್ಟಿದ್ದೂ ಈ ತಕ್ಕಡಿಯಲ್ಲೇ. ಮುಳ್ಳು ನಿಲ್ಲುವ ತನಕ ಅಲ್ಲಾಡದೆ ನಿಲ್ಲಬೇಕಲ್ಲ, ಅಷ್ಟು ಹೊತ್ತೂ ಅವನು ಅವಳನ್ನೇ ನೋಡುತ್ತಿದ್ದ. “ಕಣ್ಣು ಆಡಿಸಿದ್ರೂ ಮುಳ್ಳು ಅಲ್ಲಾಡತ್ತೆ,” ಅಂತ ಅವಳು ಗದರಿಸಿದರೆ, “ಹಾಗಾದ್ರೆ ಒಂದೇ ಕಡೆ ನೋಡ್ತೀನಿ ಮೇಡಂ,” ಅನ್ನುವನು.

ಇವತ್ತು ಮಾತ್ರ ಮುಳ್ಳು ನೋಡುವ ಮೊದಲೇ ಅವಳಿಗೆ ಉತ್ತರ ಗೊತ್ತಿತ್ತು.

ಮೊನ್ನೆ ಶುಕ್ರವಾರ ಅವನು ತಾಯಿಯನ್ನು ಕರೆದುಕೊಂಡು ಹೆಣ್ಣು ಕೇಳಲು ಮನೆಗೆ ಬಂದಿದ್ದ. ಆವಿಯಲ್ಲಿ ಬೆಂದ ಗೋಧಿರವೆಯ ಶುಕ್ರವಾರದ ಕುಸ್‌ಕುಸ್, ಮೇಲೆ ಕುರಿಮಾಂಸ. ದೊರ್ರಾಳ ಅಮ್ಮ ಬಡಿಸುತ್ತಲೇ ಹೋದಳು. “ತಿನ್ನಪ್ಪ, ಗಾಳಿಗೆ ಹಾರಿಹೋಗೋ ಹಾಗಿದೀಯ. ನನ್ನ ಮಗಳನ್ನ ಹೇಗೆ ಹಿಡ್ಕೋತೀಯ?”

ಅಲ್ಲಿ ತಟ್ಟೆ ತಳ್ಳಿದರೆ ಹುಡುಗಿಯನ್ನೇ ತಳ್ಳಿದ ಹಾಗೆ. ತೂಕ ಇಳಿಸಲು ವಾರವೆಲ್ಲ ನಿಂಬೆನೀರಲ್ಲಿ ಕಳೆದಿದ್ದವನು ನಗುನಗುತ್ತ ತಿಂದ. ಬಾಗಿಲ ಸಂದಿಯಿಂದ ದೊರ್ರಾ ಒಂದೊಂದೇ ತುತ್ತು ಎಣಿಸುತ್ತಿದ್ದಳು.

ಮುಳ್ಳು ನಿಂತಿತು. ಮಿತಿ ದಾಟಿತ್ತು.

“ಓದಿ ಮೇಡಂ,” ಅಂದ ಮೆಲ್ಲಗೆ. ಬೇರೇನೂ ಕೇಳಲಿಲ್ಲ. ಸುಳ್ಳು ಹೇಳು ಅಂದಿದ್ದರೆ ಬೈದಾದರೂ ಬಿಡುತ್ತಿದ್ದಳು.

ಓದಿದಳು, ಎಲ್ಲರಿಗೂ ಕೇಳುವಂತೆ.

ಹೆದಿ ಕಾಕಾ ಜೀನನ್ನು ಅವನ ತೋಳಿಂದ ತೆಗೆದುಕೊಂಡ. “ನಿಸ್ಮಾನ್ನ ಮರಿಯಿಂದ ಸಾಕಿದ್ದು ನೀನೇ ಮಗಾ, ನಂಗೊತ್ತು. ಈ ವರ್ಷದ ದೊಡ್ಡ ರೇಸು ಇದು. ನಾನೇನ್ಮಾಡ್ಲಿ, ಅವಳ ಬೆನ್ನು ಬೇರೆಯವನಿಗೆ ಕೊಡಲೇಬೇಕು.” ಬೇರೆ ಜಾಕಿಯನ್ನು ಹುಡುಕಲು ಹೊರಟುಹೋದ. ಉಳಿದವರೂ ಹಿಂದೆಯೇ ಹೋದರು.

“ಅಮ್ಮನಿಗೆ ಒಂದು ಮಾತು ಹೇಳಬಹುದಿತ್ತಲ್ಲ, ಭಾನುವಾರ ರೇಸ್ ಇದೆ ಅಂತ,” ಅಂದಳು ದೊರ್ರಾ.

“ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ನೀನು ಬಾಗಿಲ ಸಂದಿಯಿಂದ ನೋಡಿದೆ.”

“ನಾನೇನು ನೋಡಿದೆ?”

“ತಿನ್ನಬೇಡ ಅಂತ ಒಂದು ಕಣ್ಣು, ತಿನ್ನು ಅಂತ ಇನ್ನೊಂದು. ನಾನು ಎರಡನೇದನ್ನ ನಂಬಿದೆ.”

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. “ನಿಸ್ಮಾ?”

ಅವನ ತಮಾಷೆ ಅಲ್ಲಿಗೇ ನಿಂತಿತು. “ಎಡಗಿವಿ ಹತ್ರ ಮಾತಾಡ್ತಾ ಇದ್ರೆ ಓಡ್ತಾಳೆ. ಹೊಸಬನಿಗೆ ಹೇಳ್ತೀನಿ. ನಿನಗಾಗಿ ಏನಾದ್ರೂ ಬಿಡ್ತೀನಿ ಅಂದ್ಕೊಂಡಿದ್ದೆ ದೊರ್ರಾ. ಅವಳನ್ನೇ ಅಂತ ಗೊತ್ತಿರ್ಲಿಲ್ಲ.”

“ಮತ್ತೆ ಬಡಿಸಿದ್ರೆ?”

“ಮತ್ತೆ ತಿಂತೀನಿ.”

ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. ಮೊನ್ನೆ ಅವಳ ಅಮ್ಮ ಕಟ್ಟಿಕೊಟ್ಟಿದ್ದ ಮಕ್ರೂದ್, ಖರ್ಜೂರ ತುಂಬಿದ ಸಿಹಿ. “ಇನ್ನು ಯಾರ ಭಯ?” ಅಂತ ಮುರಿದು, ಅರ್ಧ ಅವಳ ಬಾಯಿಗಿಟ್ಟ.

ಅಷ್ಟರಲ್ಲಿ ನಿಸ್ಮಾಳ ಜೀನು ಹಿಡಿದು ಬೇರೊಬ್ಬ ಜಾಕಿ ಬಂದು ತಕ್ಕಡಿ ಹತ್ತಿದ. ಮುಳ್ಳು ಅಲ್ಲಾಡಿ ನಿಂತಿತು. ತೂಕ ಕೂಗಬೇಕು. ಬಾಯಲ್ಲಿ ಇನ್ನೂ ಅವನಿಟ್ಟ ಸಿಹಿ ಇತ್ತು. ಜಾಕಿ ಕಾದ. ಲಸಾದ್ ಗೋಡೆ ಕಡೆ ತಿರುಗಿ ನಿಂತ. ಕೊನೆಗೆ ದೊರ್ರಾ ನುಂಗಿಕೊಂಡಳು, ಕೂಗಿದಳು.