ಬರಿಯ ಚಿನ್ನದ ಮೇಲೆ

ಅವನು ಮೊದಲ ಸಲ ನನ್ನ ನೆಲಮಾಳಿಗೆಗೆ ಇಳಿದು ಬಂದದ್ದೇ ಜಗಳಕ್ಕೆ. ನಾನು ಸೂಕ್ಷ್ಮದರ್ಶಕಕ್ಕೆ ಅದನ್ನು ತಣ್ಣಗಿಡುವ ದ್ರವ ಹೀಲಿಯಂ ತುಂಬುತ್ತಿದ್ದೆ, ಮೈಯೆಲ್ಲ ಕಣ್ಣಾಗಿರಬೇಕಾದ ಕೆಲಸ. ಬಾಗಿಲಲ್ಲೇ ನಿಂತು, ನೀವು ನನ್ನ ಅಣುವನ್ನು ಕೊಂದಿದ್ದೀರಂತೆ ಎಂದ.

ಅವನು ಮೂರನೇ ಮಹಡಿಯ ರಸಾಯನದವನು. ಅಣುಗಳನ್ನು ಕುದಿಸಿ, ಸೋಸಿ, ಪುಡಿ ಮಾಡಿ ಸೀಸೆಯಲ್ಲಿ ಕಳಿಸುವವನು. ನಾನು ಆ ಪುಡಿಯನ್ನು ನಿರ್ವಾತದಲ್ಲಿ ಕಾಯಿಸಿ, ಚಿನ್ನದ ಹರಳಿನ ಮೇಲೆ ಒಂದೊಂದೇ ಅಣುವಾಗಿ ಇಳಿಸಿ, ಸೂಜಿಯ ತುದಿಯಿಂದ ತಡವಿ ನೋಡುವವಳು. ಪುಡಿಯಲ್ಲಿದ್ದಾಗ ಅವನ ಅಣು ಒಂದೊಂದೂ ಪುಟ್ಟ ಅಯಸ್ಕಾಂತ. ಚಿನ್ನದ ಮೇಲೆ ಕೂತದ್ದೇ ತಡ, ತೆಪ್ಪಗಾಗಿಬಿಡುತ್ತಿತ್ತು. ನಾನು ವರದಿಯಲ್ಲಿ ಬರೆದದ್ದು ಅಷ್ಟೇ.

"ಕೊಂದಿದ್ದು ನಾನಲ್ಲ, ಚಿನ್ನ," ಎಂದೆ. "ಅದರ ಎಲೆಕ್ಟ್ರಾನುಗಳು ಸುತ್ತ ಮುತ್ಕೊಂಡುಬಿಡ್ತವೆ. ಸಂತೇಲಿ ನಿಂತು ಪಿಸುಗುಟ್ಟಿದ್ರೆ ಯಾರಿಗೆ ಕೇಳುತ್ತೆ?"

ಅವನು ನಕ್ಕುಬಿಟ್ಟ. ಜಗಳಕ್ಕೆ ಬಂದವನು ಹಾಗೆ ನಗಬಾರದು, ನನಗೆ ಸಿಟ್ಟೇ ಬಂತು. ಹಾಗಾದರೆ ಅಣುವಿಗೆ ನಾಲ್ಕು ಕಾಲು ಕಟ್ಟಿ, ಚಿನ್ನ ತಾಗದಂತೆ ಎತ್ತಿ ನಿಲ್ಲಿಸುತ್ತೇನೆ, ನೋಡುತ್ತಿರಿ ಎಂದು ಸವಾಲು ಹಾಕಿ ಹೋದ.

ಕಾಲು ಕಟ್ಟಲು ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ನೀವು ಹೋಗಿ ನೀನು ಆಗಿತ್ತು. ಅವನು ನನಗೆ ಅಡುಗೆಭಟ್ಟ, ಕಿಟಕಿಯಿಲ್ಲದ ಕೋಣೆಯವಳೆಂದು ನಾನು ಅವನಿಗೆ ಗೂಬೆ. ಮಧ್ಯಾಹ್ನದ ಡಬ್ಬಿ ಹಿಡಿದು ಕೆಳಗೇ ಬರುತ್ತಿದ್ದ. ನಾನು ಪರದೆ ನೋಡುವಾಗ ಅವನು ನನ್ನನ್ನು ನೋಡುತ್ತಿದ್ದ. ಕಪ್ಪು ಪರದೆಯ ಗಾಜಿನಲ್ಲಿ ಅದು ನನಗೆ ಕಾಣುತ್ತದೆಂದು ಅವನಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಮೂವತ್ತೆಂಟರ ಹೆಂಗಸಿಗೆ ಇದೆಲ್ಲ ಬೇಕಿತ್ತೇ ಎಂದು ನನ್ನನ್ನೇ ಬೈದುಕೊಂಡು, ಮರುದಿನ ಒಳ್ಳೆಯ ಅಂಗಿ ಹಾಕಿಕೊಂಡು ಬರುತ್ತಿದ್ದೆ.

ಹೊರಡುವಾಗ ಮೆಟ್ಟಿಲ ಮೇಲಿಂದ "ಬರ್ತೀನಿ ಗೂಬೆ" ಅನ್ನುತ್ತಿದ್ದ. ಒಂದು ದಿನ ಅವಸರದಲ್ಲಿ "ಹೋಗ್ತೀನಿ" ಅಂದುಬಿಟ್ಟು, ಮೂರು ಮೆಟ್ಟಿಲು ವಾಪಸ್ ಇಳಿದು ಬಂದು ತಿದ್ದಿಕೊಂಡ. ಹೋಗ್ತೀನಿ ಅಂದರೆ ಅವನ ಅಕ್ಕ ತಲೆಗೆ ಮೊಟಕುತ್ತಿದ್ದಳಂತೆ. ತಾಯಿ ಇಲ್ಲದವನನ್ನು ಸಾಕಿದವಳು ಆ ಅಕ್ಕ. ಕೆಲಸ ಕಾಯಂ ಆಯಿತೇನೋ ಎಂದು ದಿನಾ ಫೋನಿನಲ್ಲಿ ಕೇಳುತ್ತಿದ್ದಳು.

ಆಗಿರಲಿಲ್ಲ. ತಿಂಗಳ ಕೊನೆಗೆ ಅವನ ಅವಧಿ ಮುಗಿಯುತ್ತಿತ್ತು. ನಾಲ್ಕು ಕಾಲಿನ ಅಣು ಚಿನ್ನದ ಮೇಲೂ ಅಯಸ್ಕಾಂತವಾಗಿಯೇ ಉಳಿದರೆ ಮಾತ್ರ ಇಲ್ಲಿ ಜಾಗ ಎಂದು ನಮ್ಮ ಮೇಷ್ಟ್ರು, ಅಂದರೆ ವಿಭಾಗದ ಮುಖ್ಯಸ್ಥರು, ಸ್ಪಷ್ಟವಾಗಿ ಹೇಳಿದ್ದರು. ಬೇರೆ ಊರಿನ ಪ್ರಯೋಗಾಲಯದಿಂದ ಕೆಲಸಕ್ಕೆ ಕರೆದು ಅವನಿಗೊಂದು ಕಾಗದ ಬಂದಿತ್ತು, ಮುಂದಿನ ವಾರದೊಳಗೆ ಉತ್ತರಿಸಬೇಕಿತ್ತು. ನನಗೆ ಅದು ಗೊತ್ತಿತ್ತು.

ಶುಕ್ರವಾರ ಮಧ್ಯಾಹ್ನ ಸೂಜಿಯನ್ನು ಒಂದು ಅಣುವಿನ ಮೇಲೆ ನಿಲ್ಲಿಸಿ ಅಳೆದೆ. ಪರದೆಯ ಮೇಲೆ ನೇರವಾಗಿ ಓಡುತ್ತಿದ್ದ ಗೆರೆ, ಸೊನ್ನೆ ವೋಲ್ಟಿನ ಎರಡೂ ಬದಿ ಒಂದೊಂದು ಮೆಟ್ಟಿಲು ಹತ್ತಿತು. ಆ ಮೆಟ್ಟಿಲೇ ಕಾಂತತ್ವದ ಗುರುತು. ಅವನು ನನ್ನ ಹೆಗಲು ಹಿಡಿದ. "ಏಳೇ ಗೂಬೆ, ಇವತ್ತಾದ್ರೂ ಬಿಸಿಲು ನೋಡು," ಎಂದ.

ಎದ್ದೆ. ಅದೇ ತಪ್ಪು.

ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ. ಏನೇ ಕಂಡರೂ, ಏಳುವ ಮೊದಲು ಅಣುವಿಲ್ಲದ ಬರಿಯ ಚಿನ್ನದ ಮೇಲೂ ಒಂದು ಸಲ ಅಳೆಯಬೇಕು. ಅಲ್ಲಿ ಗೆರೆ ನೇರವಾಗಿ ಬಂದರೆ ಕಂಡದ್ದು ನಿಜ. ಅಲ್ಲೂ ಮೆಟ್ಟಿಲು ಬಂದರೆ ಸೂಜಿಯೇ ಮಲಿನ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅದನ್ನು ತಪ್ಪಿಸಿದವಳಲ್ಲ ನಾನು. ಅವತ್ತು ಅವನ ಕೈ ಹಿಡಿದು ಮೆಟ್ಟಿಲು ಹತ್ತಿಬಿಟ್ಟೆ. ಸಂಜೆಯೊಳಗೆ ಮೇಷ್ಟ್ರಿಗೂ ಸುದ್ದಿ ಮುಟ್ಟಿತು.

ಸೋಮವಾರ ಬೆಳಿಗ್ಗೆ ಬರಿಯ ಚಿನ್ನದ ಮೇಲೆ ಅಳೆದೆ. ಅಲ್ಲೂ ಅದೇ ಮೆಟ್ಟಿಲು. ಅವನ ಒಂದು ಅಣು ತಲೆಕೆಳಗಾಗಿ ನನ್ನ ಸೂಜಿಯ ತುದಿಗೇ ಅಂಟಿಕೊಂಡಿತ್ತು. ಇನ್ನು ನಾನು ಎಲ್ಲಿ ಮುಟ್ಟಿದರೂ ಅದೇ ಕಾಣುತ್ತಿತ್ತು.

ಹೇಳಲಿಲ್ಲ. ಬೇರೆ ಸೂಜಿ ಹಾಕಿಕೊಂಡು, ಹರಳಿನ ಮೇಲೆ ನಿಜವಾಗಿ ಬದುಕಿರುವ ಒಂದೇ ಒಂದು ಅಣು ಸಿಕ್ಕಿದರೆ ಸಾಕು, ಹೇಳುವ ಪ್ರಮೇಯವೇ ಬರುವುದಿಲ್ಲ ಎಂದು ಹುಡುಕಿದೆ. ಸೋಮವಾರ, ಮಂಗಳವಾರ, ಬುಧವಾರ. ನಲವತ್ತಮೂರು ಅಣು ನೋಡಿದೆ. ಎಲ್ಲವೂ ಕಾಲು ಮಡಚಿ ಚಿನ್ನಕ್ಕೆ ಒರಗಿಬಿಟ್ಟಿದ್ದವು. ಅವನು ದಿನಾ ಡಬ್ಬಿ ಹಿಡಿದು ಬಂದ. ನಮ್ಮಿಬ್ಬರಿಗೂ ಹತ್ತಿರವಾಗುವ ಹಾಗೆ ಒಂದು ಮನೆ ನೋಡಿದ್ದೇನೆ, ಅಡುಗೆಮನೆಗೆ ದೊಡ್ಡ ಕಿಟಕಿಯಿದೆ ಎಂದ. ಆ ಕಾಗದಕ್ಕೆ ಏನು ಉತ್ತರ ಕೊಟ್ಟೆ ಎಂದು ನಾನು ಕೇಳಲಿಲ್ಲ. ಕೇಳಿದರೆ ನಾನೂ ನಿಜ ಹೇಳಬೇಕಾಗುತ್ತಿತ್ತು.

ಬುಧವಾರ ಮಧ್ಯಾಹ್ನ ಹಳೆಯ ಸೂಜಿಯನ್ನೇ ಮತ್ತೆ ಹಾಕಿ, ಅವನನ್ನು ಪಕ್ಕದಲ್ಲಿ ಕೂರಿಸಿ, ಬರಿಯ ಚಿನ್ನದ ಮೇಲೆ ಅಳೆದು ತೋರಿಸಿದೆ. ಅವನಿಗೆ ವಿವರಿಸಬೇಕಾಗಲಿಲ್ಲ. ಪರದೆಯನ್ನೇ ನೋಡುತ್ತಾ ಕೂತ. ಡಬ್ಬಿ ತೊಡೆಯ ಮೇಲೇ ಇತ್ತು.

"ಯಾವಾಗ ಗೊತ್ತಾಯ್ತು?"

"ಸೋಮವಾರ."

"ನಿನ್ನೆ ಆ ಊರಿನವರಿಗೆ ಬರಲ್ಲ ಅಂತ ಬರೆದುಬಿಟ್ಟೆನಲ್ಲೇ."

ಯಾಕೆ ಹೇಳಲಿಲ್ಲ ಎಂದು ಅವನು ಸಿಟ್ಟಿಲ್ಲದೆ ಕೇಳಿದ. ಸಿಟ್ಟು ಮಾಡಿದ್ದರೆ ವಾಸಿಯಿತ್ತು.

"ಹೇಳಿದ್ರೆ ಹೊರಟುಹೋಗ್ತೀಯ ಅಂತ," ಎಂದೆ. "ನೀನಿಲ್ಲದೆ ನನ್ನ ಕೈಲಿ ಆಗಲ್ಲ." ಒಂದೂವರೆ ವರ್ಷದಿಂದ ಹೇಳಬೇಕೆಂದಿದ್ದ ಮಾತು, ಹೇಳಬಾರದ ಹೊತ್ತಿನಲ್ಲಿ ಬಾಯಿಗೆ ಬಂತು.

"ಹೋಗ್ತಿದ್ದೆ," ಎಂದ. "ಹೋಗಿ, ಒಂದು ಮನೆ ಮಾಡಿ, ನಿನ್ನನ್ನ ಕರ್ಕೊಂಡು ಹೋಗೋಕೆ ಬರ್ತಿದ್ದೆ."

ಆಮೇಲೆ ಸೂಜಿ ಸ್ವಚ್ಛ ಮಾಡು ಎಂದ. ಅದಕ್ಕೊಂದು ಕ್ಷಣ ಜೋರಾಗಿ ವಿದ್ಯುತ್ ಹಾಯಿಸಬೇಕು, ತುದಿಯಲ್ಲಿರುವುದು ಉದುರುತ್ತದೆ. ನನ್ನ ಕೈಲಾಗಲಿಲ್ಲ. ಅವನೇ ಕೈ ಚಾಚಿ ಗುಂಡಿ ಒತ್ತಿದ. ಅವನು ಮಾಡಿದ ಅಣುಗಳಲ್ಲಿ ಲೋಹ ತಾಗಿಯೂ ಬದುಕಿದ್ದದ್ದು ಅದೊಂದೇ. ಗೆರೆ ನೇರವಾಯಿತು.

ಮೇಷ್ಟ್ರ ಕೋಣೆಗೆ ಇಬ್ಬರೂ ಹೋದೆವು. ಅವಳನ್ನು ಅವಸರಪಡಿಸಿ ಎಬ್ಬಿಸಿದ್ದು ನಾನೇ ಎಂದು ಅವನು ಅರ್ಧ ತಪ್ಪು ತನ್ನ ಮೇಲೆ ಹಾಕಿಕೊಂಡ. ಆ ಮೂರು ದಿನದ ಮಾತನ್ನು ಎತ್ತಲೇ ಇಲ್ಲ. ಮೇಷ್ಟ್ರು ಕನ್ನಡಕ ತೆಗೆದಿಟ್ಟು, ತಿಂಗಳ ಕೊನೆಯ ತನಕ ಇರಪ್ಪ ಎಂದರು. ಆ ಊರಿನ ಜಾಗ ಆಗಲೇ ಬೇರೆಯವರ ಪಾಲಾಗಿತ್ತು.

ಕೊನೆಯ ದಿನ ಉಳಿದ ಪುಡಿಯ ಸೀಸೆ ಕೊಡಲು ಕೆಳಗೆ ಬಂದ. ಅಕ್ಕನ ಮನೆಗೆ ಹೋಗಿರುತ್ತೇನೆ, ಮುಂದಿನದು ಆಮೇಲೆ ಎಂದ. ನಾನು ಕ್ಷಮಿಸು ಎಂದೆ. ಕ್ಷಮಿಸಿದ್ದೇನೆ, ಆದರೆ ಇನ್ನು ನೀನು ಸುಮ್ಮನಿದ್ದಾಗಲೆಲ್ಲ ಏನು ಮುಚ್ಚಿಡುತ್ತಿದ್ದೀಯೋ ಅನ್ನಿಸುತ್ತದೆ, ಅದು ನನಗೆ ಬೇಡ ಎಂದ. ನನ್ನ ಕೆನ್ನೆಯನ್ನು ಬೆರಳ ತುದಿಯಿಂದ ಒಂದು ಸಲ ಮುಟ್ಟಿದ.

ಮೆಟ್ಟಿಲು ಹತ್ತುತ್ತಾ "ಹೋಗ್ತೀನಿ" ಎಂದ.

ಮೂರು ಮೆಟ್ಟಿಲು ಇಳಿದು ಬರುತ್ತಾನೆಂದು ಕಾದೆ. ಹೆಜ್ಜೆಯ ಸದ್ದು ಮೇಲಿನ ಬಾಗಿಲವರೆಗೂ ಹೋಯಿತು, ಬಾಗಿಲು ಮುಚ್ಚಿತು. ನಾನು ಕುರ್ಚಿಗೆ ಮರಳಿ, ಏಳುವ ಮೊದಲು ಬರಿಯ ಚಿನ್ನದ ಮೇಲೆ ಒಂದು ಸಲ ಅಳೆದೆ. ಎಲ್ಲೂ ಏನೂ ಇರಲಿಲ್ಲ.