ಹದಿನೇಳನೆಯ ನಂಬರಿನ ಬೀಗ

ಮಧ್ಯಾಹ್ನ 12.05. ವಿದ್ಯುತ್ ಕಚೇರಿಯ ಶಾಖಾಧಿಕಾರಿ ಠಾಣೆಗೆ ಬಂದು ಹೇಳಿದ ದೂರನ್ನು ಮಹಿಳಾ ಹೆಡ್ ಕಾನ್‌ಸ್ಟೇಬಲ್ ಬರೆದುಕೊಂಡಳು. 11.20ಕ್ಕೆ ಲೈನ್‌ಮನ್ ಒಬ್ಬ ಕಂಬದ ಮೇಲೆ ಶಾಕ್ ಹೊಡೆದು ಸತ್ತಿದ್ದ. ಆ ಬೀದಿಯ ಮೇಲ್ತುದಿಯ ಸ್ವಿಚ್ಚನ್ನು ಯಾರೋ ಕೈಯಿಂದ ಆರಿಸಿ ಬೀಗ ಜಡಿದಿದ್ದರು. ಎಫ್‌ಐಆರ್ ದಾಖಲಾಯಿತು.

ಸ್ಥಳದಲ್ಲಿ ಪಂಚನಾಮೆ ನಡೆಯಿತು.

“ಸ್ವಿಚ್ ಆರಿಸಿದ್ರೆ ಲೈನಲ್ಲಿ ಕರೆಂಟ್ ಇರಬಾರದಲ್ರೀ?” ಇನ್‌ಸ್ಪೆಕ್ಟರ್ ಕೇಳಿದರು.

“ಹಿಂದೆ ಹಾಗಿತ್ತು ಸರ್,” ಎಂದರು ಶಾಖಾಧಿಕಾರಿ. “ಈಗ ಮನೆಮನೆ ಮೇಲೂ ಸೋಲಾರ್. ಮೇಲಿಂದ ಸಪ್ಲೈ ನಿಂತ್ರೆ ಕಂಪ್ಯೂಟರ್ ತಾನಾಗೇ ಆ ಸೋಲಾರ್ ಕರೆಂಟನ್ನ ಬೀದಿಗೆ ಬಿಡುತ್ತೆ. 11.30ಕ್ಕೆ ಎರಡೂ ಕಡೆ ನಿಲ್ಲಿಸೋರಿದ್ವಿ.”

“ಮತ್ತೆ ಹತ್ತು ನಿಮಿಷ ಮುಂಚೆ ಯಾಕೆ ಹತ್ತಿದ?”

“ಅದೇ ತಿಳೀತಿಲ್ಲ. ಟೆಸ್ಟರ್ ಕೂಡ ಮುಟ್ಟಿಸಿಲ್ಲ.”

ಸವೆದ ಹಿತ್ತಾಳೆ ಬೀಗ. ಮೇಲೆ 17 ಎಂದು ಕೊರೆದಿತ್ತು. “ನನ್ನ ಸರ್ವಿಸ್‌ಗಿಂತ ಹಳೇದು ಸರ್ ಇದು,” ಎಂದ ಕಾನ್‌ಸ್ಟೇಬಲ್. ಕಚೇರಿಯ ಹಳೆಯ ಸಾಮಾನು ಪುಸ್ತಕದಲ್ಲಿ ಹದಿನೇಳರ ಎದುರು ನಿವೃತ್ತ ಲೈನ್‌ಮನ್ ಒಬ್ಬನ ಸಹಿ ಇತ್ತು. ಅವನು ಸತ್ತವನ ತಂದೆ.

ಸಂಜೆ 4.40. ಹೆಣ ಇನ್ನೂ ಮನೆಗೆ ಬಂದಿರಲಿಲ್ಲ. ಹೊಸ್ತಿಲ ಮೇಲೆ ಕೂತಿದ್ದ ಮುದುಕ, ಕೇಳುವ ಮೊದಲೇ ಕೀಲಿ ಚಾಚಿದ.

“ಬೀಗ ಯಾಕೆ ಹಾಕಿದ್ರಿ ಯಜಮಾನ್ರೇ?” ಇನ್‌ಸ್ಪೆಕ್ಟರ್ ಕೇಳಿದರು.

“ಯಾವ ಬೀದಿ ಅಂತ ಬೆಳಗ್ಗೆ ಅವನೇ ಹೇಳಿದ್ದ. ಎಲ್ಲೋ ಕೂತಿರೋ ಮಿಷಿನ್ನು, ನನ್ನ ಮಗ ಕಂಬದ ಮೇಲಿದ್ದಾಗ ಕರೆಂಟ್ ಬಿಟ್ರೆ? ನಮ್ಮ ಕಾಲದಲ್ಲಿ ಕೀಲಿ ಜೇಬಲ್ಲಿದ್ರೆ ಜೀವ ಜೇಬಲ್ಲಿದ್ದ ಹಾಗೆ, ಸ್ವಾಮಿ.”

“ಮನೆಗಳಿಂದ ವಾಪಸ್ ಬರುತ್ತೆ ಅಂತ ಗೊತ್ತಿರಲಿಲ್ವಾ?”

“ಅದರಲ್ಲಿ ಎರಡು ಬಲ್ಬ್ ಉರಿದಾವು ಅಂದ್ಕೊಂಡಿದ್ದೆ.” ಮುದುಕ ಹೆಡ್ ಕಾನ್‌ಸ್ಟೇಬಲ್ ಕಡೆ ತಿರುಗಿದ. “ಬೈತಾನೆ ಅಂತ ಅವನಿಗೆ ಹೇಳದೆ ಹಾಕಿದ್ದೆ ತಾಯೀ. ಅವನು ಬೀಗ ನೋಡಿರಲಿಲ್ಲ ಅಲ್ವಾ? ಅದನ್ನ ನೋಡಿ, ನನ್ನ ನಂಬಿ ಹತ್ತಿದ್ರೆ...”

5.10ಕ್ಕೆ ದಸ್ತಗಿರಿ ಆಯಿತು.

ಜೀಪಿನ ಬಳಿ, ಮೃತನ ಜೊತೆಗೆ ಕೆಲಸಕ್ಕಿದ್ದವನು ಹೆಡ್ ಕಾನ್‌ಸ್ಟೇಬಲನ್ನು ಪಕ್ಕಕ್ಕೆ ಕರೆದ. “ಅಕ್ಕಾ, ಹೇಳಿಕೆಯಲ್ಲಿ ಒಂದು ಮಾತು ಬಿಟ್ಟೆ. ‘ಅಪ್ಪನ ಬೀಗ ಬಿದ್ದಿದೆ, ಇನ್ನು ಟೆಸ್ಟರ್ ಯಾಕೋ’ ಅಂತ ನಕ್ಕೊಂಡೇ ಹತ್ತಿದ.”

ಅವಳು ದನಿ ತಗ್ಗಿಸಿದಳು. “ಬೇರೆ ಯಾರಿಗೆ ಹೇಳಿದ್ದೀ?”

“ಯಾರಿಗೂ ಇಲ್ಲ.”

ಜೀಪಿನೊಳಗಿಂದ ಮುದುಕ ಅವಳ ಮುಖವನ್ನೇ ನೋಡುತ್ತಿದ್ದ. ತನಿಖಾ ವರದಿಯಲ್ಲಿ, ನಿಗದಿತ ಸಮಯಕ್ಕೆ ಮುನ್ನ ಕಂಬ ಹತ್ತಲು ಕಾರಣವೇನೆಂಬ ಸಾಲಿನ ಮುಂದೆ ಅವಳು ‘ತಿಳಿದುಬಂದಿಲ್ಲ’ ಎಂದು ಬರೆದಳು. ಜೀಪು ಹತ್ತಿ ಮುದುಕನ ಪಕ್ಕ ಕೂತು, “ನೋಡಿರಲಿಲ್ಲ ಯಜಮಾನ್ರೇ,” ಎಂದಳು. ಇನ್‌ಸ್ಪೆಕ್ಟರಿಗಾಗಲಿ, ನಾಳೆ ನ್ಯಾಯಾಲಯಕ್ಕಾಗಲಿ, ತಾನು ಬದುಕಿರುವವರೆಗೆ ಇನ್ನಾರಿಗೇ ಆಗಲಿ, ಆ ಮಾತನ್ನು ಹೇಳುವುದಿಲ್ಲವೆಂದು ನಿಶ್ಚಯಿಸಿಕೊಂಡಳು.