ಹನ್ನೆರಡು ನಿಮಿಷದ ಆಕಾಶ

ಸೊಸೆಯ ಪ್ಯಾಂಟಿನ ಜೇಬಿನಿಂದ ಉದುರಿದ ಆ ಪುಟ್ಟ ಬಳೆಯನ್ನು ಕಂಡು ಮುನಿಕೆಂಪಮ್ಮನ ಕೈಯಲ್ಲಿದ್ದ ಸೋಪು ಜಾರಿ ಬಕೆಟ್ಟಿಗೆ ಬಿತ್ತು. ಅಲ್ಯೂಮಿನಿಯಂ ಬಳೆ... ಮಗುವಿನ ಕಿರುಬೆರಳಿಗೂ ಸಾಲದಷ್ಟು ಚಿಕ್ಕದು. ಅದರ ಮೇಲೆ ಮೊಳೆಯಿಂದ ಕೊರೆದ ಅಕ್ಷರ: ಬಾ.ರಾ. ೧೧. ಕೊರೆದ ಕೈ ಯಾವುದೆಂದು ಆಕೆಗೆ ಗೊತ್ತು. ಅದು ಯಾವ ಕಾಲಿನಲ್ಲಿತ್ತು ಎಂಬುದೂ ಗೊತ್ತು! ಮೂರು ದಿನದಿಂದ ಆಕೆಯ ಗಂಡ ಬಾಲರಾಜ್ ತಾರಸಿಯ ಮೇಲೆ ಕತ್ತೆತ್ತಿ ನಿಂತು, ಸೀಟಿ ಹೊಡೆದು ಹೊಡೆದು ತುಟಿ ಒಣಗಿಸಿಕೊಂಡಿದ್ದರು. ಅವರ ಜೀರಿಗೆ ಮನೆಗೆ ಬಂದಿರಲಿಲ್ಲ.

ಜೀರಿಗೆ ಎಂದರೆ ಒಂದು ಪಾರಿವಾಳ. ಬಿಳಿ ಮೈಮೇಲೆ ಯಾರೋ ಜೀರಿಗೆ ಉದುರಿಸಿದಂತೆ ಕಂದು ಚುಕ್ಕೆ. ತಾರಸಿಯ ಗೂಡಿನಲ್ಲಿದ್ದ ನಲವತ್ತೆರಡು ಪಾರಿವಾಳಗಳಲ್ಲಿ ಅದೇ ಪಟ್ಟದ ರಾಣಿ. ಯಲಹಂಕದ ಗಾಲಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೆವರು ಸುರಿಸಿ ನಿವೃತ್ತರಾದ ಬಾಲರಾಜ್‌ಗೆ ಮಾತು ಕಡಿಮೆ, ಮುಂಗೋಪ ಜಾಸ್ತಿ. ಹೆಂಡತಿಯನ್ನು ಒಂದು ದಿನವಾದರೂ 'ಊಟ ಆಯ್ತಾ' ಎಂದು ಕೇಳಿದ ಆಸಾಮಿಯಲ್ಲ. ಪಾರಿವಾಳಕ್ಕೆ ಶೀತವಾದರೆ ಮಾತ್ರ ಬೆಳ್ಳುಳ್ಳಿ ಜಜ್ಜಿಕೊಂಡು ಒಂದೇ ಉಸಿರಿಗೆ ಮೆಟ್ಟಿಲು ಹತ್ತುತ್ತಿದ್ದರು. "ಮುಂದಿನ ಜನ್ಮ ಅಂತಿದ್ರೆ ನಿಮ್ಮ ಗೂಡಲ್ಲೇ ಮೊಟ್ಟೆ ಒಡ್ಕೊಂಡು ಬರ್ತೀನಿ ಬಿಡಿ" ಎಂದು ಮುನಿಕೆಂಪಮ್ಮ ಅಣಕಿಸುವುದಿತ್ತು.

ಹುಣಸಮಾರನಹಳ್ಳಿಯಿಂದ ಆಚೆ, ಏರ್‌ಪೋರ್ಟಿನ ಗೋಡೆಗೆ ಎರಡು ಹೊಲದಷ್ಟು ದೂರದಲ್ಲಿ ಅವರ ಮನೆ. ತಲೆಯ ಮೇಲೆ ವಿಮಾನ ಹೋದರೆ ಸ್ಟ್ಯಾಂಡಿನಲ್ಲಿದ್ದ ತಟ್ಟೆಗಳೆಲ್ಲ ಗಡಗಡನೆ ಮಾತಾಡಿಕೊಳ್ಳುತ್ತಿದ್ದವು. ಇಷ್ಟು ವರ್ಷವಾದರೂ ಮುನಿಕೆಂಪಮ್ಮನಿಗೆ ಆ ಬೆರಗು ಮಾಸಿರಲಿಲ್ಲ. ಸೊಪ್ಪು ಬಿಡಿಸುತ್ತಿದ್ದರೂ ಸರಿ, ಯಾರನ್ನಾದರೂ ಬೈಯುತ್ತಿದ್ದರೂ ಸರಿ, ವಿಮಾನ ಬಂದರೆ ಬಾಯಿ ತೆರೆದು ತಲೆ ಎತ್ತಲೇಬೇಕು. ಅಷ್ಟು ದೊಡ್ಡ ಬಿಳಿ ಹೊಟ್ಟೆ, ಮನೆಯ ಮೇಲೆ ನೆರಳೆಳೆದುಕೊಂಡು ಹೋಗುತ್ತದಲ್ಲ... ಅದರೊಳಗೆ ಜನ ಆರಾಮಾಗಿ ಕೂತು ಕಾಫಿ ಕುಡಿಯುತ್ತಿರುತ್ತಾರಂತಲ್ಲ!

ಬಾಲರಾಜ್ ಮಾತ್ರ ವಿಮಾನಗಳನ್ನು ತಮ್ಮ ಆಕಾಶಕ್ಕೆ ಬಂದು ಕೂತ ಬಾಡಿಗೆದಾರರಂತೆ ನೋಡುತ್ತಿದ್ದರು. ಯಾವುದು ಎಷ್ಟು ಹೊತ್ತಿಗೆ ಹಾರುತ್ತದೆಂಬುದು ಅವರಿಗೆ ಬಾಯಿಪಾಠ. ಬೆಳಗಿನ ಏಳು ಇಪ್ಪತ್ತರದು ಏರಿದ ಮೇಲೆ ಮನೆಯ ಮೇಲಿನ ಆಕಾಶ ಮೊದಲೆಲ್ಲ ಮುಕ್ಕಾಲು ಗಂಟೆ ಖಾಲಿ ಇರುತ್ತಿತ್ತು. ಆಮೇಲೆ ಅದು ಅರ್ಧ ಗಂಟೆಯಾಯಿತು. ಊರು ಬೆಳೆಯಿತು, ಇನ್ನೊಂದು ರನ್‌ವೇ ಬಂತು, ಕೊನೆಗೆ ಉಳಿದದ್ದು ಹನ್ನೆರಡು ನಿಮಿಷ. ಅಷ್ಟರಲ್ಲೇ ಗೂಡು ತೆರೆದು, ನಲವತ್ತೆರಡನ್ನೂ ಹಾರಿಸಿ, ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದು ಇಳಿಸಿ, ಒಂದೊಂದಾಗಿ ಎಣಿಸಿ ಅಗುಳಿ ಹಾಕುತ್ತಿದ್ದರು. ಕೊನೆಯದು ಒಳಗೆ ಹೋಗುವ ತನಕ ಕೆಳಗಿಳಿದವರಲ್ಲ. ಇಳಿಯುವಾಗ ದಿನವೂ ಅದೇ ಮಾತು: "ಎಲ್ಲಾ ಮನೆ ಸೇರ್ಕೊಂಡ್ವು ಕಣೆ ಕೆಂಪಿ, ತಟ್ಟೆ ಹಾಕು."

ಕಳೆದ ಸೋಮವಾರ ಆ ಹನ್ನೆರಡು ನಿಮಿಷದ ನಡುವೆ, ಎಂದೂ ಬರದ ಒಂದು ವಿಮಾನ ಗೋಡೆಯ ಆಚೆಯಿಂದ ಎದ್ದುಬಂದಿತ್ತು. ಸಂಡಿಗೆ ಹರವುತ್ತಿದ್ದ ಮುನಿಕೆಂಪಮ್ಮ ಕಣ್ಣಾರೆ ನೋಡಿದ್ದಳು. ಪಾರಿವಾಳಗಳೆಲ್ಲ ಕಲ್ಲು ಬಿದ್ದ ನೀರಿನಂತೆ ಚೆದುರಿದವು. ಢಬ್ಬೆಂದು ಸದ್ದು! ಒಂದು ರೆಕ್ಕೆಯ ಕೆಳಗಿಂದ ಬೆಂಕಿ ಫಕ್ಕೆಂದು ಬಂದು ಆರಿತು. ಆ ಬೃಹತ್ ಮೈ ಒಂದು ಕಡೆಗೆ ವಾಲಿಕೊಂಡು, ಹಾರುವುದೋ ಬೀಳುವುದೋ ಎಂಬಂತೆ ದೊಡ್ಡ ಸುತ್ತು ಹಾಕಿ ಮತ್ತೆ ಗೋಡೆಯ ಆಚೆ ಇಳಿಯುವ ತನಕ ಆಕೆ "ಮುನೇಶ್ವರಾ, ಕಾಪಾಡಪ್ಪಾ" ಎಂದು ಸಂಡಿಗೆ ಹಿಟ್ಟಿನ ಕೈಯಲ್ಲೇ ಕೈಮುಗಿದು ನಿಂತಿದ್ದಳು. ಅವತ್ತು ಗೂಡಿಗೆ ಬಂದದ್ದು ನಲವತ್ತೊಂದು. ಗಲಾಟೆಯಲ್ಲಿ ಜೀರಿಗೆಯನ್ನು ಗಿಡುಗ ಹೊಡೆದಿರಬೇಕು, ಇಲ್ಲವೇ ದಿಕ್ಕು ತಪ್ಪಿರಬೇಕು ಎಂದುಕೊಂಡರು ಬಾಲರಾಜ್.

ಬಳೆ ಸಿಕ್ಕಿದ್ದು ಸ್ಮಿತಾಳ ಜೇಬಿನಲ್ಲಿ. ಸ್ಮಿತಾ ಕೊಪ್ಪಳದ ಕಡೆಯ ಹುಡುಗಿ. ಏರ್‌ಪೋರ್ಟಿನೊಳಗೆ ಬಸ್ಸು ಓಡಿಸುವ ಮಗ ಕೀರ್ತಿ ಅಲ್ಲೇ ಅವಳನ್ನು ಕಂಡು, ಮೆಚ್ಚಿ, ಅಪ್ಪನ ಮಾತು ಮೀರಿ ಮದುವೆಯಾಗಿದ್ದ. ಎರಡು ವರ್ಷವಾಗಿತ್ತು. ಈ ಎರಡು ವರ್ಷದಲ್ಲಿ ಬಾಲರಾಜ್ ಸೊಸೆಯೊಂದಿಗೆ ನೇರವಾಗಿ ಒಂದು ಮಾತಾಡಿರಲಿಲ್ಲ! ಅವಳು ಎದುರಿಗೇ ನಿಂತಿದ್ದರೂ "ಅವಳಿಗೆ ಹೇಳು, ಗೇಟು ಹಾಕ್ಲಿ" ಎಂದು ಹೆಂಡತಿಯ ಕಡೆ ತಿರುಗಿ ಹೇಳುವರು. ಅವಳೂ "ಮಾವಾರಿಗೆ ಹೇಳ್ರಿ ಅತ್ತೀ, ಹಾಕೇನಿ" ಎನ್ನುವಳು. ನಡುವೆ ಮುನಿಕೆಂಪಮ್ಮ ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆ. ಸೊಸೆ ಜೀಪಿನಲ್ಲಿ ರನ್‌ವೇ ಸುತ್ತುತ್ತಾಳೆಂಬುದಷ್ಟೇ ಅತ್ತೆ ಮಾವನಿಗೆ ತಿಳಿದಿತ್ತು. ಸುತ್ತುವುದು ರನ್‌ವೇಗೆ ಬರುವ ಹಕ್ಕಿಗಳನ್ನು ಓಡಿಸಲು, ಸತ್ತವನ್ನು ಆಯ್ದು ವರದಿ ಬರೆಯಲು ಎಂಬುದನ್ನು ಕೀರ್ತಿ ಬೇಕೆಂತಲೇ ಮುಚ್ಚಿಟ್ಟಿದ್ದ. "ಅಪ್ಪನ ಹತ್ರ ಹಕ್ಕಿ ಅನ್ನೋ ಪದನೇ ಎತ್ಬೇಡ" ಎಂದು ಹೆಂಡತಿಗೂ ತಾಕೀತು ಮಾಡಿದ್ದ.

ಬಳೆಯನ್ನು ನೀರಿನ ಸಂಪಿನೊಳಗೆ ಎಸೆದುಬಿಟ್ಟರೆ ಎಲ್ಲಾ ಮುಗಿಯುತ್ತದೆ ಎಂದು ಒಂದು ಕ್ಷಣ ಅನ್ನಿಸಿತು ಮುನಿಕೆಂಪಮ್ಮನಿಗೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ.

"ಏನೇ ಅದು ಕೈಲಿ?"

ಬಾಲರಾಜ್ ಬಳೆಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು. ಕೂಗಾಡಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು.

"ಎಲ್ಲಿ ಸಿಕ್ತು...?"

ಸುಳ್ಳು ಹೇಳಬೇಕೆಂದೇ ಇದ್ದಳು ಆಕೆ. ಕಣ್ಣು ಮಾತ್ರ ಬಾಗಿಲಲ್ಲಿ ನಿಂತಿದ್ದ ಸೊಸೆಯ ಕಡೆಗೆ ಓಡಿತು. ರಜೆಯ ದಿನವಾದ್ದರಿಂದ ಮನೆಯಲ್ಲಿದ್ದ ಸ್ಮಿತಾ ಹುರುಳಿಕಾಯಿ ಬಿಡಿಸುವುದನ್ನು ಬಿಟ್ಟು ಎದ್ದು ಬಂದಿದ್ದಳು. ಬಳೆ ಕಂಡವಳೇ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನೀನಾ...? ನನ್ನ ಮೇಲಿನ ಸಿಟ್ಟನ್ನ ಆ ಮೂಕ ಪ್ರಾಣಿ ಮೇಲೆ ತೀರಿಸ್ಕೊಂಡ್ಯಾ? ಕೊಂದ್ಬಿಟ್ಯೇನೇ ನನ್ನ ಜೀರಿಗೇನಾ!"

ಎರಡು ವರ್ಷದಲ್ಲಿ ಮಾವ ಸೊಸೆಗೆ ಆಡಿದ ಮೊದಲ ಮಾತು ಇದು. ಅಯ್ಯೋ, ಇದಕ್ಕಿಂತ ಮೂಕನಾಗಿಯೇ ಇದ್ದಿದ್ದರೆ ಚೆನ್ನಾಗಿತ್ತಲ್ಲ ಎಂದುಕೊಂಡಳು ಮುನಿಕೆಂಪಮ್ಮ.

"ಇಲ್ರಿ ಮಾವಾರೆ... ನಾ ಕೊಲ್ಲಲಿಲ್ರಿ. ಬಳಿ ರನ್‌ವೇ ತುದಿಯ ಹುಲ್ಲಿನಾಗ ಬಿದ್ದಿತ್ತು. ಆಯ್ಕೊಂಡು ಬಂದೇನಷ್ಟ."

"ಬಾಯ್ಮುಚ್ಚು! ಕೆಂಪಿ, ಇವತ್ತೇ ತೀರ್ಮಾನ ಆಗ್ಲಿ. ಈ ಮನೇಲಿ ಇವಳಿರ್ಬೇಕು, ಇಲ್ಲ ನನ್ನ ಪಾರಿವಾಳ ಇರ್ಬೇಕು!"

ಮುನಿಕೆಂಪಮ್ಮ ಸೊಸೆಯ ಮುಖ ನೋಡಿದಳು. ಸೊಸೆ ಹೊಸಿಲು ದಾಟಿದರೆ ಮಗನೂ ಹಿಂದೆಯೇ ದಾಟುತ್ತಾನೆ... ಆಮೇಲೆ ಈ ಮನೆಯಲ್ಲಿ ಯಾರನ್ನು ನೋಡಿಕೊಂಡು ಬದುಕುವುದು?

ಸ್ಮಿತಾ ಅಳುತ್ತಲೇ ನಾಲ್ಕು ಹೆಜ್ಜೆ ಮುಂದೆ ಬಂದು ಮಾವನೆದುರು ನೆಲದ ಮೇಲೆ ಕೂತಳು.

"ಸೋಮವಾರ ವಿಮಾನ ವಾಲಿದ್ದು ನೋಡೀರಿಲ್ಲೋ? ಜೀರಿಗಿ ಅದರ ಇಂಜಿನ್ನಿನಾಗ ಹೋತ್ರಿ. ಒಂದು ಇಂಜಿನ್ ಸತ್ತ ಹೋತು. ಒಳಗ ನೂರಾ ಎಂಬತ್ತೊಂದು ಮಂದಿ ಇದ್ರು ಮಾವಾರೆ! ಕೆಳಗ ಇಳದ ಮ್ಯಾಲೆ ಒಬ್ಬಾಕಿ ಹಸಗೂಸು ಎತ್ಕೊಂಡಾಕಿ ನೆಲಾ ಮುಟ್ಟಿ ಕೂಸಿನ ಹಣಿಗೆ ಹಚ್ಚಿದ್ಲು... ನನ್ನ ಮುಂದನ! ರನ್‌ವೇದಾಗ ಹಕ್ಕಿ ಓಡ್ಸೂದು, ಸತ್ತದ್ದರ ವರದಿ ಬರಿಯೂದು ನನ್ನ ಕೆಲಸಾರಿ. ಆ ಕೂಸಿನ ಮುಂದ ನಿಂತು ನಾ ಏನ್ ಬರೀಲಿ? ಬಳಿ ಸಿಕ್ಕೈತಿ ಅಂತ ಬರದ್ರ ಪೊಲೀಸ್ರು ನೆಟ್ಟಗ ನಮ್ಮನಿಗೆ ಬರ್ತಾರ. ಕಾಡ ಪಾರಿವಾಳ ಅಂತ ಸುಳ್ಳ ಬರದೆ. ಅವತ್ತಿಂದ ತುತ್ತು ಗಂಟಲಾಗ ಇಳಿವಲ್ದು..."

ಬಾಲರಾಜ್ ಮುಖದ ಬಣ್ಣ ಇಳಿದಿತ್ತು. "ಸುಳ್ಳು! ಅಷ್ಟೊತ್ತಲ್ಲಿ ವಿಮಾನ ಬರೋ ಹಾಗೇ ಇಲ್ಲ. ಅವತ್ತಿಂದು ಯಾವುದೋ ಹೊತ್ತು ತಪ್ಪಿ ಬಂದಿದ್ದು. ಹನ್ನೆರಡು ನಿಮಿಷ..."

"ಹನ್ನೆರಡು ನಿಮಿಷ ಹೋಗಿಬಿಟ್ಟೈತ್ರಿ. ಸೋಮವಾರಕ್ಕೊಮ್ಮೆ ಹೊಸಾ ವಿಮಾನ ಹಾಕ್ಯಾರ, ಅವತ್ತಿಂದ ಮೊದಲನೇದು. ವಾರದ ಹಿಂದನ ನನಗ ಗೊತ್ತಿತ್ತು."

"ಗೊತ್ತಿತ್ತಾ? ಗೊತ್ತಿದ್ದೂ ಹೇಳ್ಲಿಲ್ವಾ ನೀನು!"

"ಹೆಂಗ ಹೇಳ್ಲಿ ಮಾವಾರೆ? ಎರಡು ಸಲ ನಿಮ್ಮ ಮುಂದ ಬಂದು ನಿಂತೆ. ನೀವು ಪೇಪರ್ ಮುಖಕ್ಕ ಹಿಡಕೊಂಡ್ರಿ. ನನಗ... ನನಗ ಅಂಜಿಕಿ ಬಂತು."

ತಲೆಯ ಮೇಲೆ ಒಂದು ವಿಮಾನ ಹೋಯಿತು. ತಟ್ಟೆಗಳು ಗಡಗಡಿಸಿ ಸುಮ್ಮನಾದವು. ಮುನಿಕೆಂಪಮ್ಮ ಅಂದು ಮಾತ್ರ ತಲೆ ಎತ್ತಲಿಲ್ಲ. ಸೊಸೆ ಹಾಗೆ ಬಂದು ನಿಂತದ್ದನ್ನು ಆಕೆಯೂ ಕಾಫಿ ಲೋಟ ಹಿಡಿದು ನೋಡಿದ್ದಳು. 'ಏನಮ್ಮ, ಏನಾದ್ರೂ ಹೇಳ್ಬೇಕಿತ್ತಾ' ಎಂದು ಕೇಳಿರಲಿಲ್ಲ. ಒಂದು ಮನೆಯಲ್ಲಿ ಮಾವ ಸೊಸೆ ಮಾತು ಬಿಟ್ಟದ್ದಕ್ಕೆ ನೂರಾ ಎಂಬತ್ತೊಂದು ಜನ, ಎಲ್ಲಿಯವರೋ ಏನೋ, ಸುಟ್ಟು ಬೂದಿಯಾಗಿಬಿಡುತ್ತಿದ್ದರಲ್ಲ ಶಿವನೇ...

ಬಾಲರಾಜ್ ಎದ್ದು ತಾರಸಿಗೆ ಹೋದರು. ಮಧ್ಯಾಹ್ನದ ಊಟಕ್ಕೂ ಬರಲಿಲ್ಲ, ಸಂಜೆಯ ಕಾಫಿಗೂ ಬರಲಿಲ್ಲ. ಡ್ಯೂಟಿ ಮುಗಿಸಿ ಬಂದ ಕೀರ್ತಿ ವಿಷಯ ತಿಳಿದು, ಹೆಂಡತಿಯ ಬಟ್ಟೆಯನ್ನು ಸೂಟ್‌ಕೇಸಿಗೆ ತುಂಬಿಬಿಟ್ಟ. ಮುನಿಕೆಂಪಮ್ಮ ಆ ಸೂಟ್‌ಕೇಸಿನ ಮೇಲೆ ಹತ್ತಿ ಕೂತಳು. "ನನ್ನನ್ನ ಎತ್ತಿ ಪಕ್ಕಕ್ಕಿಟ್ಟು ತಗೊಂಡೋಗು" ಎಂದಳು. ಅವನಿಂದ ಆಗಲಿಲ್ಲ.

ಮರುದಿನ ಬೆಳಿಗ್ಗೆ ಬಾಲರಾಜ್ ಕೆಳಗಿಳಿದು ಬಂದು ಸ್ನಾನ ಮಾಡಿ, ಮಗನ ಮದುವೆಗೂ ಹಾಕದಿದ್ದ ಬಿಳಿ ಶರ್ಟು ಹಾಕಿಕೊಂಡರು. ಅಭ್ಯಾಸಬಲದಿಂದ ಹೆಂಡತಿಯ ಕಡೆ ತಿರುಗಿ "ಅವಳಿಗೆ ಹೇ..." ಎಂದವರು ಅಲ್ಲೇ ನಿಲ್ಲಿಸಿದರು. ಸೊಸೆಯ ಕಡೆ ತಿರುಗಿದರು.

"ಸ್ಮಿತಾ... ನಡಿಯಮ್ಮ. ನಿಮ್ಮ ಸಾಹೇಬ್ರ ಹತ್ರ ಕರ್ಕೊಂಡೋಗು."

ಮುನಿಕೆಂಪಮ್ಮ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದಳು.

ಸ್ಮಿತಾಳ ಮೇಲಧಿಕಾರಿ ಗಯಾಸ್ ಸಾಹೇಬರು ನರೆಗೂದಲಿನ, ಮೆಲುದನಿಯ ಮನುಷ್ಯ. ಜೊತೆಗೆ ಹೊರಟು ಬಂದಿದ್ದ ಮುನಿಕೆಂಪಮ್ಮ ಬಾಗಿಲ ಬಳಿಯೇ ನಿಂತಳು. ಬಾಲರಾಜ್ ಬಳೆಯನ್ನು ಅವರ ಮೇಜಿನ ಮೇಲಿಟ್ಟರು. "ಹಕ್ಕಿ ನಂದು ಸ್ವಾಮಿ. ಬಿಟ್ಟಿದ್ದು ನಾನು. ಈ ಮಗು ಸುಳ್ಳು ಬರ್ದಿದ್ದು ನನಗೆ ಹೆದ್ರಿ. ಏನ್ ಶಿಕ್ಷೆ ಇದ್ರೂ ನನಗಿರ್ಲಿ." "ಇಲ್ರಿ ಸರ್, ತಪ್ಪು ನಂದು" ಎಂದಳು ಸ್ಮಿತಾ. ಸಾಹೇಬರು ಇಬ್ಬರನ್ನೂ ನೋಡಿ, ಹಳೆಯ ವರದಿಯನ್ನು ಹೊಡೆದುಹಾಕಿ, ಹೊಸದನ್ನು ಅವಳ ಕೈಯಿಂದಲೇ ಬರೆಸಿದರು. ಅವಳಿಗೆ ಹದಿನೈದು ದಿನದ ಅಮಾನತು. ಬಾಲರಾಜ್‌ಗೆ ಒಂದು ಮುಚ್ಚಳಿಕೆ: ಇನ್ನು ಮುಂದೆ ಆ ಮನೆಯಿಂದ ಒಂದು ಹಕ್ಕಿಯೂ ಹಾರಬಾರದು. ಅವರು ಓದದೆಯೇ ಸಹಿ ಹಾಕಿದರು. ಆಮೇಲೆ ಸಾಹೇಬರು ಏನೆನ್ನಿಸಿತೋ, ಪಾಸು ಬರೆಸಿ ಮೂವರನ್ನೂ ಜೀಪಿಗೆ ಹತ್ತಿಸಿಕೊಂಡರು.

ರಿಪೇರಿಯ ಶೆಡ್ಡಿನಲ್ಲಿ ಅದು ನಿಂತಿತ್ತು. ಇಷ್ಟು ವರ್ಷ ಹೊಟ್ಟೆಯನ್ನಷ್ಟೇ ನೋಡಿದ್ದ ಮುನಿಕೆಂಪಮ್ಮ ಅದರ ಮುಖ ಕಂಡದ್ದು ಇದೇ ಮೊದಲು. ಅಬ್ಬಾ, ಎಂಥ ಎತ್ತರ! ಗೋಪುರದ ಮುಂದೆ ನಿಂತಾಗಲೂ ಹೀಗೆ ಕತ್ತು ನೋಯಿಸಿಕೊಂಡಿರಲಿಲ್ಲ ಆಕೆ. ರೆಕ್ಕೆಯ ಕೆಳಗೆ ತೂಗುತ್ತಿದ್ದ ಇಂಜಿನ್ನಿನ ಬಾಯಿಯೊಳಗೆ ತನ್ನ ಅಡುಗೆಮನೆಯನ್ನು ಪಾತ್ರೆಪಗಡದ ಸಮೇತ ಇಡಬಹುದಿತ್ತು. ಸುತ್ತಲೂ ಹೊಳೆಯುವ ಅಲಗುಗಳು. ಅವುಗಳಲ್ಲಿ ಮೂರು ಮಾತ್ರ ಎಳೆಮಗು ಮಡಚಿದ ಕಾಗದದಂತೆ ಸೊಟ್ಟಗಾಗಿದ್ದವು. ಕಾಲು ಕಿಲೋ ಇತ್ತೇನೋ ಜೀರಿಗೆ... ಅಷ್ಟೇ. ಅಷ್ಟು ಚಿಕ್ಕದು ಇಷ್ಟು ದೊಡ್ಡದನ್ನು ನೆಲಕ್ಕೆ ಕೆಡವಬಲ್ಲದೇ! ಅಷ್ಟಾದರೂ ಒಂದೇ ಇಂಜಿನ್ನಿನಲ್ಲಿ ಯಾವ ತಾಯಿ ಹೆತ್ತ ಮಗನೋ ಅಷ್ಟೂ ಜನರನ್ನು ಇಳಿಸಿದನಲ್ಲ!

ಬಾಲರಾಜ್ ಚಪ್ಪಲಿ ಬಿಟ್ಟು ಮುಂದೆ ಹೋದರು.

"ಚಪ್ಪಲಿ ಬಿಡ್ಬೇಡಿ ಯಜಮಾನ್ರೇ. ಇಲ್ಲಿ ನೆಲದ ಮೇಲೆ ಒಂದು ಚೂರು ವಸ್ತುನೂ ಬಿಡೋ ಹಾಗಿಲ್ಲ" ಎಂದರು ಗಯಾಸ್.

ಅವರು ಚಪ್ಪಲಿಯನ್ನು ಕಂಕುಳಲ್ಲಿಟ್ಟುಕೊಂಡು, ಬರಿಗಾಲಲ್ಲಿ ಹೋಗಿ ಆ ಸೊಟ್ಟ ಅಲಗಿನ ಮೇಲೆ ಅಂಗೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಕಣ್ಣೀರು ಮೂಗಿನ ತುದಿಗೆ ಬಂದು ಬಿಳಿ ಶರ್ಟಿನ ಮೇಲೆ ಬೀಳುತ್ತಿತ್ತು. ಅದು ಜೀರಿಗೆಗೋ, ಆ ಹಸುಗೂಸಿಗೋ, ಹೆದರಿಸಿಟ್ಟ ಸೊಸೆಗೋ... ಮುನಿಕೆಂಪಮ್ಮ ಕೇಳಲಿಲ್ಲ.

ಭಾನುವಾರ ಚಿಂತಾಮಣಿಯ ಆಚೆಯ ತವರಿನಿಂದ ಮುನಿಕೆಂಪಮ್ಮನ ತಮ್ಮ ಟೆಂಪೋ ತಂದ. ನಲವತ್ತೊಂದನ್ನೂ ಬುಟ್ಟಿಗಳಿಗೆ ತುಂಬಿದರು.

"ಹೋಗೋಕೆ ಮುಂಚೆ ಒಂದೇ ಒಂದ್ಸಲ ಹಾರಿಸ್ಬಿಡ್ರೀ..." ಮುನಿಕೆಂಪಮ್ಮ ತಡೆಯಲಾರದೆ ಬೇಡಿಕೊಂಡಳು. "ನಿಮ್ಮ ಕಣ್ ತುಂಬಾ ನೋಡ್ಕೊಳ್ಳಿ."

"ಇಲ್ಲ ಕಣೆ. ನೂರಾ ಎಂಬತ್ತೊಂದು ಜನ." ಅಷ್ಟೇ ಹೇಳಿ ಬುಟ್ಟಿಯ ಬಾಯಿ ಕಟ್ಟಿದರು. ಆಮೇಲೆ ಭಾವಮೈದುನನ ಭುಜ ಹಿಡಿದು, "ಹಳೇವನ್ನ ಬಲೆಯಿಂದ ಆಚೆ ಬಿಡ್ಬೇಡ ಕಣಯ್ಯ. ಬಿಟ್ರೆ ಎಂಗಾದ್ರೂ ಇಲ್ಲಿಗೇ ವಾಪಸ್ ಬರ್ತವೆ, ಅವಕ್ಕೆ ಇದೇ ಮನೆ. ಅಲ್ಲಿ ಹುಟ್ಟೋ ಮರಿಗಳನ್ನ ಹಾರಿಸು. ಅವಕ್ಕೆ ಅದೇ ಮನೆಯಾಗುತ್ತೆ" ಎಂದರು. ಟೆಂಪೋ ತಿರುವು ದಾಟುವ ತನಕ ನೋಡಿದರು. ಅವರ ಪಕ್ಕದಲ್ಲಿ ಸ್ಮಿತಾ ನಿಂತಿದ್ದಳು.

ಖಾಲಿ ಗೂಡು ಈಗಲೂ ತಾರಸಿಯಲ್ಲಿದೆ. ಮುನಿಕೆಂಪಮ್ಮ ಅದರಲ್ಲಿ ಸಂಡಿಗೆ ಡಬ್ಬಿ ಇಡುತ್ತಾಳೆ. ಬಾಲರಾಜ್ ಮಾತ್ರ ಬೆಳಿಗ್ಗೆ ಏಳು ಇಪ್ಪತ್ತಕ್ಕೆ ತಪ್ಪದೆ ಮೆಟ್ಟಿಲು ಹತ್ತುತ್ತಾರೆ. ಯಾವ ವಿಮಾನ ಹೊಸದು, ಯಾವುದರ ಹೊತ್ತು ಬದಲಾಯಿತು ಎಂದು ಹಿಂದಿನ ಸಂಜೆಯೇ ಸೊಸೆಯನ್ನು ಕೂರಿಸಿಕೊಂಡು ಕೇಳಿ ತಿಳಿದಿರುತ್ತಾರೆ. ಗಾಳಿ ತಿರುಗಿದ ದಿನ ವಿಮಾನಗಳು ಈ ಕಡೆಯಿಂದಲೇ ಇಳಿಯುತ್ತವೆ. ಅಂಥ ದಿನ ಅವರನ್ನು ತಿಂಡಿಗೆ ಎಬ್ಬಿಸುವುದು ಯಾರಿಂದಲೂ ಆಗದು.

"ಮಾವಾರೆ, ಉಪ್ಪಿಟ್ಟು ಆರಾಕತ್ತೈತಿ ಬರ್ರಿ!" ಎಂದು ಕೆಳಗಿನಿಂದ ಸ್ಮಿತಾ ಕೂಗುತ್ತಾಳೆ.

"ತಡಿಯಮ್ಮ, ಇನ್ನೊಂದು ಇಳೀಬೇಕು."

ಮೊನ್ನೆ ಒಣಗಿದ ಸಂಡಿಗೆ ತೆಗೆಯಲು ಹೋದ ಮುನಿಕೆಂಪಮ್ಮ ನೋಡಿದಳು. ಬಿಸಿಲಿನಲ್ಲಿ ಬೆಳ್ಳಗೆ ಹೊಳೆಯುತ್ತಾ ಆ ದೊಡ್ಡ ಹೊಟ್ಟೆ ಮನೆಯ ಮೇಲೆ ಬಂತು. ಆಕೆಯ ಬಾಯಿ ಎಂದಿನಂತೆ ತೆರೆದುಕೊಂಡಿತು. ಗಂಡನ ಎರಡು ಬೆರಳು ತಾವಾಗಿಯೇ ತುಟಿಯ ತನಕ ಹೋಗಿ, ಸೀಟಿ ಹೊಡೆಯದೆ ಕೆಳಗಿಳಿದವು. ಗಾಲಿಗಳು ಗೋಡೆಯ ಆಚೆ ಮರೆಯಾದವು. ಕೆಳಗೆ ತಟ್ಟೆಗಳ ಸದ್ದು ನಿಂತಿತು. ಬಾಲರಾಜ್ ಇನ್ನೂ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತು, ನಿಟ್ಟುಸಿರು ಬಿಟ್ಟು ಹೆಂಡತಿಯ ಕಡೆ ತಿರುಗಿದರು.

"ಎಲ್ರೂ ಮನೆ ಸೇರ್ಕೊಂಡ್ರು ಕಣೆ ಕೆಂಪಿ," ಎಂದರು. "ತಟ್ಟೆ ಹಾಕು ನಡಿ. ನೀನು ತಿಂದ್ಯಾ?"